ಸ್ಪೀಕರ್ ಕಟ್ಟೋಕೆ ಹೊರಟವರೇ, ಸ್ಟಿಕ್ಕರ್ ನಂಬಬೇಡಿ, ಮೀಟರ್ ಹಿಡಿದು ನೋಡಿ

ಮನೆಯಲ್ಲೇ ಸ್ಟೀರಿಯೋ ಸ್ಪೀಕರ್ ಕಟ್ಟುವುದು ಬಹಳ ಒಳ್ಳೆಯ ಹವ್ಯಾಸ. ನಮ್ಮ ದಾವಣಗೆರೆಯಲ್ಲಿ ಪ್ಲೈವುಡ್ ಸಿಗುತ್ತದೆ, ಕೈ ಪಳಗಿದ ಕಾರ್ಪೆಂಟರ್‌ಗಳಿದ್ದಾರೆ. ತೊಂದರೆ ಇರುವುದು ಬಿಡಿ ವೂಫರ್ (ದಪ್ಪ ಸದ್ದು, ಅಂದರೆ ಬಾಸ್ ಕೊಡುವುದು), ಟ್ವೀಟರ್ (ತೆಳು ಸದ್ದು ಕೊಡುವುದು) ಕೊಳ್ಳುವಲ್ಲಿ. ಅಲ್ಲಿ ನನ್ನ ದುಡ್ಡು ಹೋಯಿತು, ಆಂಪ್ಲಿಫೈಯರ್ ಹೋಯಿತು, ಹಾಲ್ ತುಂಬ ಹೊಗೆ ಆಯಿತು. ಇನ್ನೊಬ್ಬರಿಗೆ ಹಾಗಾಗಬಾರದು ಅಂತ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಕೊಂಡಿದ್ದು 8 ಇಂಚಿನ ನಾಲ್ಕು ವೂಫರ್, ಎರಡು ಟ್ವೀಟರ್, ಎರಡು ಕ್ರಾಸ್‌ಓವರ್ ಬೋರ್ಡ್ (ದಪ್ಪ ಸದ್ದನ್ನು ವೂಫರಿಗೆ, ತೆಳು ಸದ್ದನ್ನು ಟ್ವೀಟರಿಗೆ ಹಂಚುವುದು). ಅಂಗಡಿ ಇದೇ ಊರಿನದು, ಹೆಸರು ಬೇಡ. ವೂಫರ್ ಹಿಂದೆ ಹೊಳೆಯುವ ಸ್ಟಿಕ್ಕರ್, ಅದರ ಮೇಲೆ ‘8 ಓಮ್, 600 ವ್ಯಾಟ್’. ಓಮ್ ಅಂದರೆ ಕರೆಂಟಿಗೆ ಇರುವ ತಡೆ, ಅದು ಕಡಿಮೆಯಾದಷ್ಟೂ ಆಂಪ್ಲಿಫೈಯರ್ ಹೆಚ್ಚು ಕರೆಂಟ್ ಕೊಡಬೇಕು. ಡೇಟಾ ಶೀಟ್ (ತಯಾರಿಸಿದವರು ಕೊಡುವ ಅಳತೆಗಳ ಪಟ್ಟಿ) ಇದೆಯಾ ಅಂತ ಕೇಳಿದೆ.

‘ಅದೆಲ್ಲ ಯಾಕೆ ಸರ್? ಡಿಜೆಯವರೇ ಇದನ್ನ ಒಯ್ತಾರೆ. ಕಣ್ಣು ಮುಚ್ಕೊಂಡು ತಗೊಂಡು ಹೋಗ್ರಿ.’

ಬಿಲ್ ಕೇಳಿದ್ದಕ್ಕೆ ಜಿಎಸ್‌ಟಿ ಸೇರಿ ಜಾಸ್ತಿ ಬೀಳುತ್ತದೆ ಅಂದರು. ಕೈಗೆ ಕೊಟ್ಟಿದ್ದು ಒಂದು ಬಿಳಿ ಚೀಟಿ, ಅದರಲ್ಲಿ ಬರೀ ಮೊತ್ತ.

ಒಂದೊಂದು ಬಾಕ್ಸಿಗೆ ಎರಡೆರಡು ವೂಫರ್. 8 ಓಮ್‌ನ ಎರಡನ್ನು ಪ್ಯಾರಲಲ್ ಆಗಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಸೇರಿಸಿದರೆ 4 ಓಮ್ ಆಗುತ್ತದೆ. ನನ್ನ ಆಂಪ್ಲಿಫೈಯರ್ 4 ಓಮ್ ತಡೆಯುವಂಥದ್ದೇ. ಮೊದಲು ಚೆನ್ನಾಗಿಯೇ ಹಾಡಿತು. ಸ್ವಲ್ಪ ಹೊತ್ತಿಗೆ ಆಂಪ್ಲಿಫೈಯರ್ ಮೇಲೆ ಕೈ ಇಡಲಾಗದಷ್ಟು ಬಿಸಿ. ಆಫ್ ಮಾಡಲು ಏಳುವಷ್ಟರಲ್ಲಿ ‘ಟಪ್’ ಅಂತ ಸದ್ದು. ಎಡಗಡೆ ಬಾಕ್ಸಿನ ಎರಡೂ ಕೋನ್ (ವೂಫರಿನಲ್ಲಿ ಅಲುಗಾಡಿ ಸದ್ದು ಮಾಡುವ ಭಾಗ) ಮುಂದಕ್ಕೆ ಚಾಚಿಕೊಂಡು ಹಾಗೇ ನಿಂತುಬಿಟ್ಟವು. ಹಾಡಿಲ್ಲ, ಬರೀ ಗುಂಯ್ ಅನ್ನುವ ಸದ್ದು. ಆಮೇಲೆ ವಾರ್ನಿಷ್ ಸುಟ್ಟ ವಾಸನೆ, ಬಾಕ್ಸಿನ ತೂತಿನಿಂದ ಹೊಗೆ. ಅಪ್ಪ ಓಡಿ ಬಂದು ಮೇನ್ ಸ್ವಿಚ್ ಇಳಿಸಿದರು. ಬಾಕ್ಸ್ ಒಳಗೆ ತುಂಬಿದ್ದು ದಿಂಬಿಗೆ ಹಾಕುವ ಫೈಬರ್ ಹತ್ತಿ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ಈಗಲೂ ಭಯವಾಗುತ್ತದೆ.

ಸುಡದೆ ಉಳಿದ ವೂಫರ್‌ಗೆ ಮಲ್ಟಿಮೀಟರ್ ಹಚ್ಚಿದಾಗ ಕಾರಣ ಗೊತ್ತಾಯಿತು. ನಿಜವಾದ 8 ಓಮ್ ವೂಫರ್ ಮೀಟರಿನಲ್ಲಿ ಸಾಮಾನ್ಯವಾಗಿ 6ರಿಂದ 7 ಓಮ್ ತೋರಿಸಬೇಕು. ಇವು ತೋರಿಸಿದ್ದು 3.4. ಅಂದರೆ 4 ಓಮ್ ವೂಫರ್‌ಗೆ 8 ಓಮ್ ಸ್ಟಿಕ್ಕರ್ ಅಂಟಿಸಿದ್ದರು. ಎರಡು ಸೇರಿದಾಗ 2 ಓಮ್ ಆಯಿತು. ಆಂಪ್ಲಿಫೈಯರಿನ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಅಷ್ಟು ಕರೆಂಟ್ ತಡೆಯದೆ ಶಾರ್ಟ್ ಆದವು. ಪವರ್ ಸಪ್ಲೈಯ ಡಿಸಿ (ಒಂದೇ ದಿಕ್ಕಿನ ಕರೆಂಟ್) ನೇರವಾಗಿ ವಾಯ್ಸ್ ಕಾಯಿಲ್‌ಗೆ, ಅಂದರೆ ಕೋನ್ ಅಲುಗಿಸುವ ತಂತಿ ಸುರುಳಿಗೆ ನುಗ್ಗಿತು. ಕೋನ್ ಚಾಚಿಕೊಂಡು ನಿಂತಿದ್ದು ಅದಕ್ಕೇ. ಡಿಸಿ ಬಂದರೆ ಸ್ಪೀಕರ್ ಸಂಪರ್ಕ ಕಡಿಯುವ ರಿಲೇ ಕೆಲವು ಆಂಪ್ಲಿಫೈಯರ್‌ಗಳಲ್ಲಿ ಇರುತ್ತದೆ. ನನ್ನದರಲ್ಲಿ ಇಲ್ಲ ಅಂತ ರಿಪೇರಿಯವರು ಬಿಚ್ಚಿ ತೋರಿಸಿದರು. ನೀವು ಆಂಪ್ಲಿಫೈಯರ್ ಕೊಳ್ಳುವಾಗ ಇದನ್ನು ಕೇಳಿಯೇ ಕೊಳ್ಳಿ.

ಆಮೇಲೆ ಒಂದೊಂದನ್ನೇ ಬಿಚ್ಚಿದೆ. ವೂಫರ್ ಹಿಂದೆ ದಪ್ಪ ಮ್ಯಾಗ್ನೆಟ್ ಇದ್ದ ಹಾಗೆ ಕಾಣುತ್ತಿತ್ತಲ್ಲ, ಅದು ಮುಕ್ಕಾಲು ಪಾಲು ರಬ್ಬರ್ ಕವಚ. ಸ್ಕ್ರೂ ಡ್ರೈವರಿನಿಂದ ಎಬ್ಬಿಸಿದರೆ ಒಳಗೆ ಚಿಕ್ಕ ಮ್ಯಾಗ್ನೆಟ್, ಸುತ್ತಲೂ ಬರೀ ಗಾಳಿ. ಕ್ರಾಸ್‌ಓವರ್ ಬೋರ್ಡ್ ಇನ್ನೂ ಮೋಸ. ಮೇಲೆ ತಾಮ್ರದ ಸುರುಳಿ ಚೆಂದಾಗಿ ಕೂತಿದೆ. ಬೋರ್ಡ್ ಮಗುಚಿ ನೋಡಿದರೆ ಅದರ ಒಂದು ಕಾಲು ಎಲ್ಲಿಗೂ ಸೇರಿಲ್ಲ! ವೂಫರ್ ಲೈನ್ ಇನ್‌ಪುಟ್‌ನಿಂದ ಸೀದಾ ಹೋಗಿದೆ. ಟ್ವೀಟರಿಗೆ ಒಂದು ಪುಟ್ಟ ಕೆಪಾಸಿಟರ್, ಅಷ್ಟೇ.

ಇನ್ನು ಆ 600 ವ್ಯಾಟ್ ವಿಷಯ. ಮನೆಗೆ ಅಷ್ಟು ಬೇಕಾಗಿಯೇ ಇಲ್ಲ. 88 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರ್ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 88 ಡೆಸಿಬೆಲ್ ಸದ್ದು ಮಾಡುತ್ತದೆ, 10 ವ್ಯಾಟ್‌ಗೆ 98. ಅಷ್ಟಕ್ಕೇ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ. ವ್ಯಾಟ್ ದುಪ್ಪಟ್ಟು ಮಾಡಿದರೂ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಪಿಎಂಪಿಓ (ಕ್ಷಣಮಾತ್ರದ ಗರಿಷ್ಠ ವ್ಯಾಟ್) ಅಂತ ಬರೆದ ದೊಡ್ಡ ಸಂಖ್ಯೆಗೆ ಬೆಲೆಯೇ ಇಲ್ಲ, ಆರ್‌ಎಂಎಸ್ (ಸತತವಾಗಿ ತಡೆಯುವ ವ್ಯಾಟ್) ಎಷ್ಟು ಅಂತ ಕೇಳಿ.

ಡೇಟಾ ಶೀಟ್ ಇಲ್ಲದ ವೂಫರ್ ಪುಕ್ಕಟೆ ಕೊಟ್ಟರೂ ಬೇಡ. ವೂಫರ್ ಗುಣಕ್ಕೂ ಬಾಕ್ಸಿನ ಅಳತೆಗೂ ಇರುವ ಲೆಕ್ಕವನ್ನು 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್ ಬರೆದರು, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಮುಂದುವರಿಸಿದರು. ಎಫ್‌ಎಸ್ (ವೂಫರ್ ತಾನಾಗಿ ಕಂಪಿಸುವ ವೇಗ), ಕ್ಯೂಟಿಎಸ್ (ಆ ಕಂಪನಕ್ಕೆ ಎಷ್ಟು ಹಿಡಿತವಿದೆ ಅನ್ನುವುದು), ವಿಎಎಸ್ (ಕೋನಿನ ಬಿಗಿತಕ್ಕೆ ಸಮನಾದ ಗಾಳಿಯ ಪ್ರಮಾಣ) ಅನ್ನುವ ಮೂರು ಸಂಖ್ಯೆ ಕೈಯಲ್ಲಿದ್ದರೆ ಬಾಕ್ಸ್ ಎಷ್ಟು ಲೀಟರ್ ಇರಬೇಕು, ತೂತು ಬೇಕೋ ಬೇಡವೋ ಅಂತ ಲೆಕ್ಕ ಹಾಕಬಹುದು. ‘8 ಇಂಚಿಗೆ ಇಷ್ಟೇ ಸೈಜು’ ಅಂತ ಅಂಗಡಿಯವರು ಹೇಳುವುದು ಸುಮ್ನೆ. ಇಂಚು ಒಂದೇ ಇದ್ದರೂ ಎರಡು ವೂಫರ್‌ಗೆ ಬೇಕಾದ ಬಾಕ್ಸ್ ಬೇರೆ ಬೇರೆ. ನನ್ನ ಪ್ಲೈವುಡ್, ಕಾರ್ಪೆಂಟರ್ ಕೂಲಿ ಎಲ್ಲ ಈ ಮಾತಿಗೇ ಬಲಿಯಾಯಿತು.

ಅಂಗಡಿಯಲ್ಲಿ ಹಾಡು ಹಾಕಿ ತೋರಿಸುವುದನ್ನೂ ನಂಬಬೇಡಿ. ಬಾಕ್ಸ್ ಇಲ್ಲದ ವೂಫರಿನ ಮುಂದಿನ ಸದ್ದು, ಹಿಂದಿನ ಸದ್ದು ಒಂದನ್ನೊಂದು ಅಳಿಸುತ್ತವೆ, ಬಾಸ್ ಹೇಗಿದೆ ಅಂತ ತಿಳಿಯುವುದೇ ಇಲ್ಲ. ಅದರ ಬದಲು ಮಲ್ಟಿಮೀಟರ್ ಹಚ್ಚಿ ಓಮ್ ನೋಡಿ. ಕೋನನ್ನು ಎರಡೂ ಕಡೆ ಬೆರಳಿಟ್ಟು ಮೆಲ್ಲಗೆ ಒತ್ತಿ. ಕರ್ ಕರ್ ಅಂದರೆ ಕಾಯಿಲ್ ಉಜ್ಜುತ್ತಿದೆ, ವಾಪಸ್ ಕೊಡಿ. ಒಂದೂವರೆ ವೋಲ್ಟ್ ಸೆಲ್ಲಿನ ಪ್ಲಸ್ ಅನ್ನು ವೂಫರಿನ ಪ್ಲಸ್‌ಗೆ, ಮೈನಸ್ ಅನ್ನು ಮೈನಸ್‌ಗೆ ಒಂದು ಕ್ಷಣ ತಾಗಿಸಿದರೆ ಕೋನ್ ಮುಂದೆ ಬರಬೇಕು. ಹಿಂದೆ ಹೋದರೆ ಗುರುತೇ ತಪ್ಪು. ಇದಕ್ಕೆಲ್ಲ ಒಪ್ಪದ ಅಂಗಡಿಯಲ್ಲಿ ಕೊಳ್ಳಲೇಬೇಡಿ.

ಸುಟ್ಟ ವೂಫರ್ ಹಿಡಿದು ಹೋದಾಗ ಅಂಗಡಿಯವರು ‘ಇದು ನಮ್ಮ ಮಾಲೇ ಅಲ್ಲ’ ಅಂದುಬಿಟ್ಟರು. ಚೀಟಿಯಲ್ಲಿ ಅಂಗಡಿ ಹೆಸರಿಲ್ಲ, ನಾನು ತೋರಿಸಲು ಬೇರೇನೂ ಇರಲಿಲ್ಲ. ಆದ್ದರಿಂದ ಜಾಸ್ತಿ ಕೊಟ್ಟಾದರೂ ಬಿಲ್ ಹಾಕಿಸಿಕೊಳ್ಳಿ, ಅದರಲ್ಲಿ ಎಷ್ಟು ಓಮ್, ಯಾವ ಮಾಡೆಲ್ ಅಂತ ಬರೆಸಿ. ಬಿಲ್ ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು.