ಬೇಸಿಗೆ ರೆಸಿಡೆನ್ಷಿಯಲ್ ಕೋರ್ಸ್‌ಗೆ ಆಪರೇಷನ್ಸ್ ಕೆಲ್ಸಕ್ಕೆ ಹೋಗೋರು, ಮಕ್ಕಳನ್ನ ಕಳ್ಸೋರು ದಯವಿಟ್ಟು ಓದಿ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯೋದೇ ತಡ, ರೆಸಿಡೆನ್ಷಿಯಲ್ ಪಿಯು ಬ್ರಿಡ್ಜ್ ಕೋರ್ಸು, ನೀಟ್ ಫೌಂಡೇಶನ್ ಸಮ್ಮರ್ ಪ್ರೋಗ್ರಾಂ ಅಂತ ಎಲ್ಲಾ ಕಡೆ ಶುರುವಾಗುತ್ತೆ, ಅದನ್ನ ನಡೆಸೋಕೆ "ಎರಡು ತಿಂಗಳಿಗೆ ಆಪರೇಷನ್ಸ್ ಮ್ಯಾನೇಜರ್ ಬೇಕು, ಊಟ ವಸತಿ ಫ್ರೀ" ಅನ್ನೋ ಮೆಸೇಜೂ ವಾಟ್ಸಾಪಲ್ಲಿ ಓಡಾಡುತ್ತೆ. ರಜೆಯಲ್ಲಿರೋ ಟೀಚರ್‌ಗಳು, ಎಂಬಿಎ ಮುಗ್ಸಿ ಕೆಲ್ಸ ಹುಡುಕ್ತಿರೋ ಹುಡುಗ್ರು, ನನ್ ತರ ಮೊದ್ಲು ಹಾಸ್ಟೆಲ್ ಆಫೀಸಲ್ಲಿ ಕೆಲ್ಸ ಮಾಡಿರೋರು ಒಪ್ಕೊಂಡು ಹೋಗ್ತಾರೆ. ಹೋಗೋ ಮುಂಚೆ ಇದನ್ನ ಒಂದ್ಸಲ ಓದಿ, ಮಕ್ಕಳನ್ನ ಕಳ್ಸೋ ಅಪ್ಪ ಅಮ್ಮಂದಿರೂ ಓದಿ. ಸಂಸ್ಥೆ ಹೆಸ್ರು ಬರೀತಿಲ್ಲ, ಅಲ್ಲಿದ್ದ ಮಕ್ಕಳ ಗುರುತು ಹೊರಗೆ ಬರೋದು ನನಗೆ ಬೇಡ.

ವಿಷ್ಯ ಏನಂದ್ರೆ, ಫೀಸು ಫೆಬ್ರವರಿ ಮಾರ್ಚಲ್ಲೇ ವಸೂಲಾಗಿರುತ್ತೆ, ಆದ್ರೆ ಮಕ್ಕಳು ಯಾವ ನೀರು ಕುಡೀತಾರೆ, ಯಾರು ಅಡುಗೆ ಮಾಡ್ತಾರೆ, ರಾತ್ರಿ ಯಾರು ನೋಡ್ಕೋತಾರೆ ಅನ್ನೋದು ಮಕ್ಕಳು ಬಸ್ ಹತ್ತೋ ಹೊತ್ತಿಗೂ ತೀರ್ಮಾನ ಆಗಿರಲ್ಲ. ಅದನ್ನೆಲ್ಲ ತಂದು ಆಪರೇಷನ್ಸ್ ಅನ್ನೋರ ತಲೆಗೆ ಕಟ್ತಾರೆ, ನೂರು ರೂಪಾಯಿ ಖರ್ಚು ಮಾಡೋ ಅಧಿಕಾರ ಮಾತ್ರ ಕೊಡಲ್ಲ.

ನಾನಿದ್ದ ಜಾಗ ತುಮಕೂರು ರಸ್ತೆಯಲ್ಲಿ ನೆಲಮಂಗಲ ದಾಟಿದ ಮೇಲೆ, ಒಂದು ಎಂಜಿನಿಯರಿಂಗ್ ಕಾಲೇಜಿನ ಖಾಲಿ ಹಾಸ್ಟೆಲ್‌ನ ಬಾಡಿಗೆಗೆ ತಗೊಂಡಿದ್ರು. ಸುಮಾರು ನೂರಿಪ್ಪತ್ತು ಮಕ್ಕಳು, ಹಾವೇರಿ, ಗದಗ, ಕೊಪ್ಪಳ, ರಾಯಚೂರು ಕಡೆಯವ್ರೇ ಜಾಸ್ತಿ, ಒಂಬತ್ತನೇ ಕ್ಲಾಸ್ ಮುಗ್ಸಿದವ್ರು ಮತ್ತೆ ಆಗಷ್ಟೇ ಎಸ್ಸೆಸ್ಸೆಲ್ಸಿ ಬರೆದವ್ರು. ಪಾಂಪ್ಲೆಟಲ್ಲಿ 24 ಗಂಟೆ ಲೇಡಿ ವಾರ್ಡನ್, ಡಾಕ್ಟರ್ ಆನ್ ಕಾಲ್, ಆರ್‌ಓ ನೀರು, ಮನೆ ಊಟ ಅಂತೆಲ್ಲಾ ಇತ್ತು. ನಾನು ಹೋಗಿ ನೋಡಿದಾಗ ಮಕ್ಕಳು ಬರೋಕೆ ಇನ್ನೊಂದು ವಾರ ಇತ್ತು ಅಷ್ಟೇ, ಲೇಡಿ ವಾರ್ಡನ್ ಅಂತ ಯಾರೂ ಇರ್ಲಿಲ್ಲ, ಕಸ ಗುಡ್ಸೋ ಆಯಮ್ಮನ್ನೇ ತೋರ್ಸಿ "ಇವ್ರೇ ವಾರ್ಡನ್" ಅಂದ್ರು, ಅವ್ರು ಪಾಪ ಸಂಜೆ ಬಸ್ಸಿಗೆ ಊರಿಗೆ ಹೋಗ್ಬೇಕು. ಹಂಗಾಗಿ ಹುಡುಗೀರ ಬ್ಲಾಕಲ್ಲಿ ರಾತ್ರಿ ನಾನೇ ಮಲಗೋ ಹಾಗಾಯ್ತು, ಬೆಳಗ್ಗೆ ಐದಕ್ಕೆ ಹಾಲಿನವ್ನಿಂದ ಹಿಡ್ದು ರಾತ್ರಿ ಹನ್ನೊಂದರ ರೂಮ್ ಚೆಕಿಂಗ್ ತನಕ ಕೆಲ್ಸ ಮಾಡಿದವ್ಳೇ ರಾತ್ರಿ ವಾರ್ಡನ್ನೂ ಹೌದು.

ಮೊದ್ಲು ನೀರಿನ ವಿಷ್ಯ ಹೇಳ್ತೀನಿ, ಯಾಕಂದ್ರೆ ಏಪ್ರಿಲ್ ಮೇ ತಿಂಗಳಲ್ಲಿ ಮೊದ್ಲು ಕೈ ಕೊಡೋದೇ ಅದು. ಹಾಸ್ಟೆಲ್‌ಗೆ ತಲೆಗೆ ದಿನಕ್ಕೆ 135 ಲೀಟರ್ ಅಂತ ಕಟ್ಟಡದ ಲೆಕ್ಕದಲ್ಲಿ ಹಿಡೀತಾರೆ, ನೂರಿಪ್ಪತ್ತು ಮಕ್ಕಳಿಗೆ 16,200 ಲೀಟರ್ ಆಯ್ತು, ಟೀಚರ್‌ಗಳು ಕೆಲ್ಸದವ್ರು ಬೇರೆ. ಅಲ್ಲಿದ್ದ ಬೋರ್‌ವೆಲ್ ಒಂದು ಗಂಟೆ ಓಡಿದ್ರೆ ಗಾಳಿ ಎಳೀತಿತ್ತು. ನಾನು ಈ ಲೆಕ್ಕ ಬರೆದು ಕಳ್ಸಿದ್ರೆ ಬಂದ ಉತ್ರ "ದಿನಕ್ಕೆ ಒಂದು ಟ್ಯಾಂಕರ್ ಸಾಕು, ಮಕ್ಕಳಿಗೆ ಅಡ್ಜಸ್ಟ್ ಮಾಡ್ಕೊಳ್ಳೋಕೆ ಹೇಳಿ". ಆ ಒಂದು ಟ್ಯಾಂಕರ್ ಅಂದ್ರೆ 6,000 ಲೀಟರ್. ಅದಕ್ಕೂ ದುಡ್ಡು ಹಾಕೋಕೆ ಬೆಂಗಳೂರಲ್ಲಿರೋ ಅಕೌಂಟ್ಸ್‌ನವ್ರು ಮೆಸೇಜ್ ನೋಡ್ಬೇಕು, ಅವ್ರು ನೋಡೋ ತನಕ ಟ್ಯಾಂಕರ್ ಡ್ರೈವರ್ ಪೈಪ್ ಬಿಚ್ಚಲ್ಲ, ಇತ್ತ ಹುಡುಗೀರು ಬಕೆಟ್ ಹಿಡ್ಕೊಂಡು ಮೆಟ್ಲ ಮೇಲೆ ಸಾಲಾಗಿ ಕೂತಿರ್ತಿದ್ರು, ತಿಂಗಳ ಮುಟ್ಟಿನ ದಿನಗಳಲ್ಲಿದ್ದ ಮಕ್ಕಳ ಕಷ್ಟ ಕೇಳೋರೇ ಇಲ್ಲ.

ಇನ್ನೂ ದೊಡ್ಡ ತೊಂದ್ರೆ ಅಂದ್ರೆ ಟ್ಯಾಂಕರ್ ನೀರೂ ಬೋರ್ ನೀರೂ ಒಂದೇ ಸಂಪಿಗೆ ಬೀಳ್ತಿತ್ತು, ಅದೇ ನೀರು ಆರ್‌ಓ ಮೆಷಿನ್‌ಗೆ ಹೋಗ್ತಿತ್ತು, ಆ ಮೆಷಿನ್ನಿನ ಫಿಲ್ಟರ್ ಯಾವಾಗ ಬದ್ಲಾಯಿಸಿದ್ದು ಅಂತ ಯಾರಿಗೂ ಗೊತ್ತಿಲ್ಲ. ಕೇಳಿದ್ರೆ ಒಂದು ಪೆನ್ನಿನ ತರ ಇರೋ ಟಿಡಿಎಸ್ ಮೀಟರ್ ಅದ್ದಿ ನಂಬರ್ ತೋರ್ಸೋರು. ಟಿಡಿಎಸ್ ಹೇಳೋದು ನೀರಲ್ಲಿ ಕರಗಿರೋ ಉಪ್ಪಿನಂಶ ಎಷ್ಟು ಅಂತ, ಕ್ರಿಮಿ ಇದೆಯೋ ಇಲ್ವೋ ಅಂತ ಅದು ಹೇಳಲ್ಲ. ಅದು ಗೊತ್ತಾಗ್ಬೇಕಂದ್ರೆ ನೀರನ್ನ ಲ್ಯಾಬಿಗೆ ಕಳ್ಸಬೇಕು. ಸಂಪ್ ತೊಳ್ಸಿ, ಕ್ಲೋರಿನ್ ಹಾಕಿ, ನಲ್ಲಿ ತುದಿಯಲ್ಲಿ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯಾ ಅಂತಾನೂ ದಿನಾ ನೋಡ್ಬೇಕು, ಅದರ ಕಿಟ್‌ಗೆ ಏನೂ ಲಕ್ಷ ಖರ್ಚಾಗಲ್ಲ. 2024ರ ಏಪ್ರಿಲಲ್ಲಿ ಬೆಂಗಳೂರಿನ ಒಂದು ಮೆಡಿಕಲ್ ಕಾಲೇಜಿನ ಹುಡುಗೀರ ಹಾಸ್ಟೆಲಲ್ಲೇ ವಾಂತಿ ಭೇದಿ ಆಗಿ ಸುಮಾರು ಜನ ಆಸ್ಪತ್ರೆ ಸೇರಿದ್ರು, ಕಾಲರಾ ಕೂಡ ಪತ್ತೆ ಆಯ್ತು, ಪೇಪರಲ್ಲೆಲ್ಲಾ ಬಂತು. ಡಾಕ್ಟರ್ ಆಗೋ ಮಕ್ಕಳಿರೋ ಜಾಗದಲ್ಲೇ ಹಾಗಾಗುತ್ತೆ ಅಂದ್ಮೇಲೆ ನಮ್ಮಲ್ಲಿ ಆಗಲ್ವಾ ಅಂತ ನಾನು ಬಾಯಿ ಬಿಟ್ಟು ಕೇಳಿದ್ದೆ.

ಆಯ್ತು. ಒಂದು ಭಾನುವಾರ ಪಿಕ್ನಿಕ್ ಅಂತ ಮಕ್ಕಳನ್ನ ಶಿವಗಂಗೆಗೆ ಕರ್ಕೊಂಡು ಹೋಗಿದ್ರು, ಮೆಸ್ ಕಾಂಟ್ರಾಕ್ಟರ್ ಬೆಳಗಿನ ಜಾವ ಕಲ್ಸಿದ ಮೊಸರನ್ನನ ಪ್ಲಾಸ್ಟಿಕ್ ಡಬ್ಬಕ್ಕೆ ತುಂಬಿ ವ್ಯಾನಲ್ಲಿಟ್ಟ, ಆ ಬಿಸ್ಲಲ್ಲಿ ಮಕ್ಕಳು ಬೆಟ್ಟ ಇಳಿದು ಅದನ್ನ ತಿಂದಾಗ ಮಧ್ಯಾಹ್ನ ಎರಡು ಗಂಟೆ ಮೀರಿತ್ತು. ರಾತ್ರಿ ಊಟದ ಹೊತ್ತಿಗೆ ವಾಂತಿ ಶುರು. ಒಂದು ರೂಮಿಂದ ಇನ್ನೊಂದು ರೂಮಿಗೆ ಓಡ್ತಾ ಓಆರ್‌ಎಸ್ ಕಲ್ಸಿ ಕುಡಿಸ್ತಾ ಇದ್ರೆ ಫೋನಲ್ಲಿ ಆರ್ಗನೈಸರ್ ಹೇಳಿದ್ದು ಏನು ಗೊತ್ತಾ, "108 ಕರೀಬೇಡಿ, ಆಂಬುಲೆನ್ಸ್ ಬಂದ್ರೆ ಪೇರೆಂಟ್ಸ್‌ಗೆ ಗೊತ್ತಾಗುತ್ತೆ, ನಮ್ ಕಾರಲ್ಲಿ ಹತ್ತಿರದ ಕ್ಲಿನಿಕ್‌ಗೆ ತೋರ್ಸಿ". ನಾನು 108 ಕರೆದೆ. ನೀರಿಂದ ಆಯ್ತೋ ಮೊಸರನ್ನದಿಂದ ಆಯ್ತೋ, ಎರಡೂ ಸರಿ ಇರ್ಲಿಲ್ಲ ಅನ್ನೋದು ಮಾತ್ರ ನಿಜ. ಆಮೇಲೆ ಆ ಕಾಂಟ್ರಾಕ್ಟರ್ ಹತ್ರ ಎಫ್‌ಎಸ್‌ಎಸ್‌ಎಐ ನಂಬರ್, ಅಂದ್ರೆ ಊಟ ಮಾಡಿ ಕೊಡೋರಿಗೆ ಇರ್ಬೇಕಾದ ಆಹಾರ ಸುರಕ್ಷತಾ ಲೈಸೆನ್ಸ್ ನಂಬರ್ ಕೇಳಿದ್ರೆ "ಅಪ್ಲೈ ಮಾಡಿದೀವಿ ಮೇಡಂ" ಅಂದ. ಅದು 14 ಅಂಕಿಯ ನಂಬರು, ಯಾರ ಹೆಸರಲ್ಲಿದೆ, ಚಾಲ್ತೀಲಿದೆಯಾ ಅಂತ ಫುಡ್ ಸೇಫ್ಟಿ ಕನೆಕ್ಟ್ ಆ್ಯಪಲ್ಲಿ ಯಾರು ಬೇಕಾದ್ರೂ ನೋಡ್ಬಹುದು, ಪೇರೆಂಟ್ಸ್ ಕೂಡ.

ಇದಕ್ಕಿಂತ ನನಗೆ ಹೆಚ್ಚು ಭಯ ಆಗಿದ್ದು ಇನ್ನೊಂದು ರಾತ್ರಿ. ಗದಗ ಕಡೆ ಹುಡುಗ, ವೀಜಿಂಗ್ ಇದೆ ಅಂತ ಅವ್ರ ತಾಯಿ ಸೇರ್ಸೋ ದಿನಾನೇ ಹೇಳಿದ್ರು. ಆದ್ರೆ ಅಲ್ಲಿ ಮೊದಲ ದಿನ ಎಲ್ಲರ ಮೊಬೈಲು, ಮಾತ್ರೆ, ಔಷಧಿ ಎಲ್ಲಾ ಹೆಸ್ರು ಬರೆದ ಕವರಿಗೆ ಹಾಕಿ ಕಬ್ಬಿಣದ ಟ್ರಂಕಲ್ಲಿಟ್ಟು ಬೀಗ ಹಾಕೋ ನಿಯಮ, ಇನ್‌ಹೇಲರ್ ಮಕ್ಕಳ ಹತ್ರಾನೇ ಇರ್ಲಿ ಅಂತ ನಾನು ಎಷ್ಟು ಹೇಳಿದ್ರೂ "ಒಬ್ಬರಿಗೆ ಬಿಟ್ರೆ ಎಲ್ಲರೂ ಕೇಳ್ತಾರೆ" ಅಂದ್ರು. ಕೀ ಅಕೌಂಟ್ಸ್‌ನವ್ರ ಹತ್ರ, ಅವ್ರು ರಾತ್ರಿ ಬೆಂಗಳೂರಿಗೆ ಹೋಗ್ಬಿಡ್ತಾರೆ. ಮಧ್ಯರಾತ್ರಿ ದಾಟಿದ ಮೇಲೆ ಅವನ ರೂಮ್‌ಮೇಟ್ ಬಂದು ಬಾಗ್ಲು ಬಡ್ದು "ಮಿಸ್, ಅವಂಗ ಉಸ್ರ ಬರವಲ್ದ್ರೀ" ಅಂದ. ಹೋಗಿ ನೋಡಿದ್ರೆ ಮಂಚದ ತುದಿಯಲ್ಲಿ ಕೂತು ಎರಡೂ ಕೈಯನ್ನ ಮಂಡಿ ಮೇಲೆ ಊರ್ಕೊಂಡು ಭುಜ ಮೇಲೆತ್ತಿ ಉಸ್ರು ಎಳೀತಿದಾನೆ, ಒಂದೊಂದು ಸಲ ಎಳೆದಾಗ್ಲೂ ಕುತ್ತಿಗೆ ಕೆಳಗಿನ ಗುಳಿ ಒಳಕ್ಕೆ ಹೋಗ್ತಿದೆ, ಎರಡು ಪದ ಸೇರ್ಸಿ ಮಾತಾಡೋಕೆ ಆಗ್ತಿಲ್ಲ. 108ಕ್ಕೆ ಫೋನ್ ಮಾಡೋಕೆ ಒಬ್ಬ ಟೀಚರ್‌ಗೆ ಹೇಳಿ, ಅಡುಗೆಮನೆಯಿಂದ ಗುಂಡುಕಲ್ಲು ತರ್ಸಿ ಬೀಗ ಒಡೆದ್ವಿ, ಟಾರ್ಚ್ ಬೆಳಕಲ್ಲಿ ನೂರಾರು ಕವರ್ ಕೆದಕಿ ಅವನ ನೀಲಿ ಇನ್‌ಹೇಲರ್ ಸಿಕ್ಕೋ ಹೊತ್ತಿಗೆ ಅವನ ತುಟಿ ಬಣ್ಣ ಬದ್ಲಾಗೋಕೆ ಶುರುವಾಗಿತ್ತು. ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಹಾಕಿದ್ರು, ಹುಷಾರಾದ.

ಬೆಳಗ್ಗೆ ಆರ್ಗನೈಸರ್ ಕೇಳಿದ ಮೊದಲ ಮಾತು "ಬೀಗ ಒಡೆಯೋಕೆ ಯಾರ ಪರ್ಮಿಷನ್ ತಗೊಂಡ್ರಿ?" ಹುಡುಗ ಹೇಗಿದಾನೆ ಅಂತ ಕೇಳ್ಲಿಲ್ಲ. ಮನೆಗೆ ಭಾನುವಾರ ಹೇಳಿದ್ರಾಯ್ತು ಅಂದ್ರು. ನಾನು ಆಸ್ಪತ್ರೆಯಿಂದ್ಲೇ ಅವ್ರ ತಾಯಿಗೆ ಫೋನ್ ಮಾಡಿ ಹೇಳಿದ್ದೆ. "ಈಗ ಆರಾಮ ಅದಾನೇನ್ರಿ ಮೇಡಂರ? ನಾ ಇಲ್ಲಿಂದ ಬಸ್ ಹತ್ತೇನ್ರಿ, ನಾ ಬರೂತನಕ ನೀವು ಅವನ್ನ ಬಿಟ್ಟು ಹೋಗಬ್ಯಾಡ್ರಿ" ಅಂದ್ರು. ಆ ತಾಯಿ ಬಂದು ಮಗನ್ನ ಕರ್ಕೊಂಡು ಹೋದ್ರು, ಒಳ್ಳೇದೇ ಮಾಡಿದ್ರು. ದಯವಿಟ್ಟು, ಇನ್‌ಹೇಲರ್, ಇನ್ಸುಲಿನ್, ಫಿಟ್ಸ್ ಮಾತ್ರೆ ಇಂಥದ್ದೆಲ್ಲ ಯಾವ ಕಾರಣಕ್ಕೂ ಬೀಗದೊಳಗೆ ಹೋಗ್ಬಾರ್ದು, ಮಕ್ಕಳ ಹತ್ರ ಒಂದು, ರಾತ್ರಿ ಇರೋ ವಾರ್ಡನ್ ಹತ್ರ ಒಂದು ಇರ್ಲೇಬೇಕು.

ಸೆಕ್ಯುರಿಟಿ ವಿಷ್ಯಾನೂ ಹೇಳ್ಬೇಕು. ಏಜೆನ್ಸಿಯಿಂದ ಬಂದ ನೈಟ್ ಗಾರ್ಡ್‌ಗೆ ಪೊಲೀಸ್ ವೆರಿಫಿಕೇಶನ್ ಆಗಿರ್ಲಿಲ್ಲ, ಲೈಟ್ ಆರ್ಸಿ ಅನ್ನೋ ನೆಪದಲ್ಲಿ ಹುಡುಗೀರ ಫ್ಲೋರಿಗೆ ಬಂದು ಬಾಗ್ಲು ತಟ್ತಾನೆ ಅಂತ ಮಕ್ಕಳು ಹೇಳಿದ್ರು. ಅವತ್ತೇ ಏಜೆನ್ಸಿಗೆ ಫೋನ್ ಮಾಡಿ ಅವನನ್ನ ಬದ್ಲಾಯಿಸ್ದೆ, ಮಕ್ಕಳು ಹೇಳಿದ್ದನ್ನ ರಿಜಿಸ್ಟರಲ್ಲಿ ಬರೆದು ಸಹಿ ಹಾಕ್ದೆ. "ಇದನ್ನೆಲ್ಲಾ ಬರೆದಿಡ್ಬೇಡಿ" ಅಂತ ಒತ್ತಡ ಬಂತು. ಯಾರಾದ್ರೂ ಹಾಗೆ ಹೇಳಿದ್ರೆ ಕೇಳ್ಬೇಡಿ. ಮಕ್ಕಳನ್ನ ಲೈಂಗಿಕ ಅಪರಾಧಗಳಿಂದ ಕಾಪಾಡೋ 2012ರ ಪೋಕ್ಸೋ ಕಾಯ್ದೆ ಪ್ರಕಾರ ಮಗುವಿನ ಮೇಲೆ ಅಂಥ ಅಪರಾಧ ಆಗಿದೆ ಅಥವಾ ಆಗೋ ಹಾಗಿದೆ ಅಂತ ಗೊತ್ತಿದ್ದೂ ಪೊಲೀಸರಿಗೆ ತಿಳಿಸ್ದೆ ಇರೋದೇ ಅಪರಾಧ, ಸಾಮಾನ್ಯರಿಗೆ 6 ತಿಂಗಳವರೆಗೆ, ಸಂಸ್ಥೆ ಉಸ್ತುವಾರಿಯಲ್ಲಿದ್ದು ಕೈಕೆಳಗಿನವ್ರು ಮಾಡಿದ್ದನ್ನ ಮುಚ್ಚಿಟ್ರೆ 1 ವರ್ಷದವರೆಗೆ ಜೈಲು. ಮಕ್ಕಳ ಸಹಾಯವಾಣಿ 1098 ನಂಬರನ್ನ ಪ್ರತಿ ಫ್ಲೋರಲ್ಲೂ ಅಂಟ್ಸಿ, ಆ ನಂಬರಿಗೆ ಫೋನ್ ಮಾಡೋಕೆ ಮಕ್ಕಳ ಕೈಗೆ ಒಂದು ಫೋನೂ ಸಿಗೋ ಹಾಗಿರ್ಲಿ, ಎಲ್ಲಾ ಮೊಬೈಲ್ ಟ್ರಂಕಲ್ಲಿದ್ರೆ ಗೋಡೆ ಮೇಲೆ ನಂಬರ್ ಇದ್ದು ಏನು ಪ್ರಯೋಜನ.

ಕೊನೆಗೆ ಹಾಸ್ಟೆಲ್‌ನವ್ರಿಗೆ ಅಡ್ವಾನ್ಸ್ ಬಿಟ್ಟು ಉಳಿದ ಬಾಡಿಗೆ ಹೋಗಿರ್ಲಿಲ್ಲ ಅಂತ ಒಂದು ಸಂಜೆ ಅವ್ರು ಜನರೇಟರ್ ರೂಮಿಗೆ ಬೀಗ ಹಾಕಿದ್ರು, ಕರೆಂಟ್ ಹೋಗಿ ಮಕ್ಕಳೆಲ್ಲಾ ಕತ್ತಲಲ್ಲಿ. ಆಗ ಆರ್ಗನೈಸರ್ ಬಂದಿದ್ದು ದುಡ್ಡು ತಗೊಂಡಲ್ಲ, ಸ್ಟಾಂಪ್ ಪೇಪರ್ ತಗೊಂಡು. ಬಾಕಿ ಬಾಡಿಗೆ, ಡ್ಯಾಮೇಜು, ಮಕ್ಕಳ ಸುರಕ್ಷತೆ ಎಲ್ಲದಕ್ಕೂ "ಪ್ರೋಗ್ರಾಂ ಇನ್‌ಚಾರ್ಜ್" ಆದ ನಾನೇ ಜವಾಬ್ದಾರಿ ಅಂತ ಅದ್ರಲ್ಲಿ ಟೈಪ್ ಮಾಡ್ಸಿದ್ರು, "ಸುಮ್ನೆ ಫಾರ್ಮಾಲಿಟಿ, ಸಹಿ ಹಾಕಿ" ಅಂದ್ರು. ಹಾಕ್ಲಿಲ್ಲ. ಅದಕ್ಕೇ ನನ್ನ ಕೊನೆ ತಿಂಗಳ ಸಂಬಳ ಇವತ್ತಿಗೂ ಬಂದಿಲ್ಲ. ಈ ಕೆಲ್ಸಕ್ಕೆ ಹೋಗೋರು ಇದೊಂದನ್ನ ಗಟ್ಟಿಯಾಗಿ ನೆನಪಿಟ್ಕೊಳ್ಳಿ, ಬಾಡಿಗೆ ಒಪ್ಪಂದ, ಮೆಸ್ ಒಪ್ಪಂದ, ಅಂಡರ್‌ಟೇಕಿಂಗ್ ಯಾವುದಕ್ಕೂ ನಿಮ್ಮ ಸ್ವಂತ ಹೆಸರಲ್ಲಿ ಸಹಿ ಹಾಕ್ಬೇಡಿ, ನಿಮ್ಮ ಆಧಾರ್ ಕಾಪಿ ಕೊಡ್ಬೇಡಿ. ಸೇರೋ ಮೊದ್ಲೇ ಲೆಟರ್‌ಹೆಡ್ ಮೇಲೆ ಆರ್ಡರ್ ತಗೊಳ್ಳಿ, ಕೇಳದೆ ಎಷ್ಟು ಖರ್ಚು ಮಾಡ್ಬಹುದು ಅನ್ನೋದು ಅದ್ರಲ್ಲಿ ಇರ್ಲಿ, ಆ ದುಡ್ಡು ನಿಮ್ಮ ಕೈಯಲ್ಲಿರ್ಲಿ. ಬಾಡಿಗೆ ಕಟ್ಟಿದ ರಸೀದಿ, ರಾತ್ರಿ ಡ್ಯೂಟಿ ವಾರ್ಡನ್‌ಗಳ ಹೆಸರು ಫೋನ್ ನಂಬರ್ ಇರೋ ಪಟ್ಟಿ ತೋರ್ಸಿ ಅನ್ನಿ, ತೋರ್ಸಕ್ಕೆ ಆಗಲ್ಲ ಅಂದ್ರೆ ಅಲ್ಲಿಂದಾನೇ ವಾಪಸ್ ಬನ್ನಿ.

ಪೇರೆಂಟ್ಸ್‌ಗೆ: ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರ್‌ಗಳಿಗೆ ಮಾರ್ಗಸೂಚಿ ಹೊರಡಿಸಿದೆ. 16 ವರ್ಷಕ್ಕಿಂತ ಚಿಕ್ಕ ಮಕ್ಕಳನ್ನ ಸೇರ್ಸಬಾರ್ದು ಅಥವಾ ಹತ್ತನೇ ಕ್ಲಾಸ್ ಪರೀಕ್ಷೆ ಆದ್ಮೇಲೆ ಮಾತ್ರ ಸೇರ್ಸಬೇಕು, ದಿನಕ್ಕೆ 5 ಗಂಟೆಗಿಂತ ಹೆಚ್ಚು ಕ್ಲಾಸ್ ಬೇಡ ಅಂತ ಅದ್ರಲ್ಲಿದೆ. ನಮ್ಮಲ್ಲಿ ಒಂಬತ್ತು ಮುಗ್ಸಿದ ಮಕ್ಕಳನ್ನೂ "ಸಮ್ಮರ್ ಕ್ಯಾಂಪ್" ಅಂತ ಹೆಸರಿಟ್ಟು ಸೇರ್ಸಿ ಬೆಳಗ್ಗೆ ಆರರಿಂದ ರಾತ್ರಿ ಹತ್ತರ ತನಕ ಕೂರಿಸ್ತಿದ್ರು. ಪೂರ್ತಿ ಫೀಸು ಕಟ್ಟಿದ ಮಗು ಮಧ್ಯದಲ್ಲಿ ಬಿಟ್ರೆ ಉಳಿದ ಅವಧಿಯ ಫೀಸನ್ನ, ಹಾಸ್ಟೆಲ್ ಮೆಸ್ ದುಡ್ಡೂ ಸೇರ್ಸಿ, 10 ದಿನದಲ್ಲಿ ವಾಪಸ್ ಕೊಡ್ಬೇಕು ಅಂತಾನೂ ಅದೇ ಮಾರ್ಗಸೂಚಿ ಹೇಳುತ್ತೆ. ಕೊಡ್ಲಿಲ್ಲ ಅಂದ್ರೆ 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ಹಾಕಿ, ಅದಕ್ಕೂ ಬಗ್ಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ ಇದೆ, ನೀವು ಕಟ್ಟಿರೋದು 5 ಲಕ್ಷದ ಒಳಗಿದ್ರೆ ಅಲ್ಲಿ ದೂರಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕ್ಬೇಕು ಅಷ್ಟೇ. ಫೀಸ್ ರಸೀದಿ, ಪಾಂಪ್ಲೆಟ್, ವಾಟ್ಸಾಪ್ ಮೆಸೇಜ್ ಯಾವುದನ್ನೂ ಡಿಲೀಟ್ ಮಾಡ್ಬೇಡಿ.

ನಮ್ಮ ಬ್ಯಾಚಿನ ಪೇರೆಂಟ್ಸ್ ಯಾರಾದ್ರೂ ಇದನ್ನ ಓದ್ತಿದ್ರೆ, ವಾಂತಿ ಭೇದಿ ಆದ ರಾತ್ರಿಯದು, ಇನ್‌ಹೇಲರ್ ರಾತ್ರಿಯದು, ಗಾರ್ಡ್ ವಿಷ್ಯದ್ದು, ರಿಜಿಸ್ಟರ್ ಪುಟಗಳ ಫೋಟೋ ನನ್ನ ಹತ್ರ ಇದೆ. ನಿಮ್ಮ ಮಗುಗೆ ಸಂಬಂಧಪಟ್ಟಿದ್ದನ್ನ ನಿಮಗೆ ಕೊಡ್ತೀನಿ, ಆಯೋಗದ ಮುಂದೆ ಬಂದು ಹೇಳೋಕೂ ತಯಾರಿದೀನಿ.