ರಾಜಿ: ತೊಗಲುಗೊಂಬೆಯ ಸೀಮೆಯಲ್ಲಿ ಕುಳಿತು ಆಡಿದ ಒಂದು ವಿಡಿಯೋ ಗೇಮ್

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಣ್ಣ ತಂಡ ರೂಪಿಸಿದ ‘ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್’ 2020ರ ಆಗಸ್ಟ್‌ನಲ್ಲಿ ನಿಂಟೆಂಡೊ ಸ್ವಿಚ್‌ಗೂ ಅಕ್ಟೋಬರ್‌ನಲ್ಲಿ ಕಂಪ್ಯೂಟರ್ ಮತ್ತು ಇತರ ಕನ್ಸೋಲ್‌ಗಳಿಗೂ ಬಂದ ಆಟ. ಗಂಗಾವತಿಯ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪಿನಲ್ಲಿ ಇದನ್ನು ಆಡಿದಾಗ ಮಗಳಿಗೆ ಕಾಳಗ ಹಿಡಿಸಿತು. ನನ್ನನ್ನು ಹಿಡಿದು ಕೂರಿಸಿದ್ದು ಕಾಳಗಗಳ ನಡುವೆ ಬರುವ ನೆರಳಿನ ದೃಶ್ಯಗಳು.

ಸರ್ಕಸ್ಸಿನಲ್ಲಿ ಬೆಳೆದ ರಾಜಿ, ಅಸುರರು ಹೊತ್ತೊಯ್ದ ತಮ್ಮ ಗೋಲುವನ್ನು ಹುಡುಕಿಕೊಂಡು ಹೊರಡುತ್ತಾಳೆ. ದುರ್ಗೆ ಮತ್ತು ವಿಷ್ಣು ಅವಳನ್ನು ಮೇಲಿನಿಂದ ನೋಡುತ್ತ ಕಥೆ ಹೇಳುತ್ತಾರೆ. ಆ ಕಥೆಯ ಮುಖ್ಯ ಘಟ್ಟಗಳು ಗೊಂಬೆಗಳ ನೆರಳಾಟವಾಗಿ ತೆರೆಗೆ ಬರುತ್ತವೆ. ತೊಗಲುಗೊಂಬೆ ಕಲಾವಿದೆ, ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದ ಕೊಪ್ಪಳ ಜಿಲ್ಲೆಯವರು ಇಂಥ ದೃಶ್ಯಗಳನ್ನು ಸುಮ್ಮನೆ ನೋಡಿ ಮುಂದೆ ಸಾಗುವುದು ಕಷ್ಟ. ತೆಳ್ಳಗೆ ಹದಮಾಡಿದ ತೊಗಲಿಗೆ ಸಣ್ಣ ಸಣ್ಣ ತೂತು ಕೊರೆದು ಬಣ್ಣ ಹಚ್ಚಿರುವುದರಿಂದ ನಮ್ಮ ಗೊಂಬೆಗಳ ನೆರಳೂ ಬಣ್ಣದ್ದೇ. ಜನರ ನಗೆ ಕೇಳಿಸಿದರೆ ಪರದೆಯ ಹಿಂದಿನವರು ಪ್ರಸಂಗವನ್ನು ಅಲ್ಲೇ ಹಿಗ್ಗಿಸಬಲ್ಲರು. ಆಟದೊಳಗಿನ ಗೊಂಬೆಗಳಿಗೆ ಆ ಸಲಿಗೆಯಿಲ್ಲ. ಅವು ಬಂದಾಗ ಆಡುವವರ ಕೈ ಸುಮ್ಮನಾಗುತ್ತದೆ, ಕಥೆ ಮೊದಲೇ ಮುದ್ರಿಸಿಟ್ಟಂತೆ ಸಾಗುತ್ತದೆ. ನಮ್ಮ ಗೊಂಬೆಯಾಟದಲ್ಲಿ ನಗಿಸುವ ಕಿಳ್ಳೇಕ್ಯಾತ, ಬಂಗಾರಕ್ಕನಂಥ ಒಬ್ಬರು ನಡುವೆ ನುಗ್ಗಿ ದೇವತೆಗಳನ್ನೇ ಗೇಲಿ ಮಾಡಬಾರದಿತ್ತೇ ಎನ್ನಿಸಿತು.

ಆದರೆ ಚಿತ್ರಕೆಲಸದ ಮಟ್ಟಿಗೆ ಎರಡು ಮಾತಿಲ್ಲ. ರಾಜಸ್ಥಾನದ ಮಧ್ಯಕಾಲೀನ ಕೋಟೆ–ಅರಮನೆಗಳ ಜೊತೆ ಬಾಲಿಯ ವಾಸ್ತುವನ್ನು ಬೆರೆಸಿ, ಗೋಡೆಗಳಿಗೆ ಹಿಮಾಲಯದ ತಪ್ಪಲಿನ ಪಹಾಡಿ ಚಿತ್ರಶೈಲಿಯಲ್ಲಿ ಕೈಯಿಂದಲೇ ಬಣ್ಣ ತುಂಬಿದ್ದಾರೆ. 2017ರಲ್ಲಿ ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ ಕೇಳಿದ ಹಣ ಕೂಡದೆ ಹೋದಾಗ ಸಹಸ್ಥಾಪಕಿ, ಕಲಾ ನಿರ್ದೇಶಕಿ ಶ್ರುತಿ ಘೋಷ್ ತಮ್ಮ ಫ್ಲ್ಯಾಟ್ ಮಾರಿ ಕೆಲಸ ಮುಂದುವರಿಸಿದರು. ಭಿತ್ತಿಚಿತ್ರವೊಂದರ ಮುಂದೆ ರಾಜಿಯನ್ನು ನಿಲ್ಲಿಸಿ ಪುರಾಣದ ತುಣುಕು ಕೇಳುವಾಗ, ಆ ಹಣ ಎಲ್ಲಿ ಹೋಯಿತೆಂದು ಯಾರೂ ಕೇಳಬೇಕಾಗಿಲ್ಲ.

ಕಾಳಗ ಚೆನ್ನಾಗಿದೆ, ಅಷ್ಟೇ. ಗೋಡೆಯ ಮೇಲೆ ಓಡಿ, ಕಂಬ ಹಿಡಿದು ಗಿರ್ರನೆ ತಿರುಗಿ ತ್ರಿಶೂಲ ಬೀಸುವುದು ಸರ್ಕಸ್ಸಿನ ಹುಡುಗಿಗೆ ಒಪ್ಪುತ್ತದೆ. ಕ್ಯಾಮೆರಾವನ್ನು ನಾವು ತಿರುಗಿಸುವಂತಿಲ್ಲವಾದ್ದರಿಂದ ಕೆಲವು ಜಿಗಿತಗಳಲ್ಲಿ ಅಂದಾಜು ತಪ್ಪಿ ಕೆಳಗೆ ಬೀಳುತ್ತೇವೆ. ಕಥೆಯೂ ಮಹಾಬಲಾಸುರನೊಂದಿಗಿನ ಕಾಳಗದ ಬಳಿಕ ಗಕ್ಕನೆ ನಿಂತುಬಿಡುತ್ತದೆ. ಬೆಳಗಿನ ಜಾವದವರೆಗೂ ನಡೆಯುವ ಬಯಲಾಟ ಕಂಡು ಬೆಳೆದವರಿಗೆ ಇದು ಮಂಗಳ ಹಾಡದೆಯೇ ಪರದೆ ಎಳೆದಂತೆ.

ಕೊಳ್ಳುವವರು 2022ರ ಪರಿಷ್ಕೃತ ಆವೃತ್ತಿಯನ್ನೇ ಕೊಳ್ಳಲಿ. ಅದರಲ್ಲಿ ಇಂಗ್ಲಿಷಿನ ಜೊತೆ ಹಿಂದಿ ಧ್ವನಿಯೂ ಇದೆ, ದುರ್ಗೆಯ ಮಾತು ಹಿಂದಿಯಲ್ಲೇ ಹೆಚ್ಚು ಹೊಂದುತ್ತದೆ. ಕೀಬೋರ್ಡಿನಲ್ಲಿ ಬೆರಳು ಬೇಗ ಸೋಲುವುದರಿಂದ ಒಂದು ಗೇಮ್‌ಪ್ಯಾಡ್ ಇಟ್ಟುಕೊಳ್ಳುವುದು ಲೇಸು.