ಮೂರು ವರ್ಷದ ಮಾನವಶಾಸ್ತ್ರ: ಓದಿದವಳ ಅನುಭವ

ಬೆಂಗಳೂರಿನ ಖಾಸಗಿ ಕಾಲೇಜೊಂದರಲ್ಲಿ ಮಾನವಶಾಸ್ತ್ರವನ್ನು, ಅಂದರೆ ಮನುಷ್ಯರ ದೇಹ, ಸಮಾಜ, ಸಂಸ್ಕೃತಿಗಳ ಅಧ್ಯಯನವನ್ನು, ಮುಖ್ಯ ವಿಷಯವಾಗಿ ಓದಿ ಬಿ.ಎ. ಮುಗಿಸಿದ್ದೇನೆ. ಸೇರಬಹುದೇ ಎಂದು ಊರಿನ ಹುಡುಗಿಯರು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದು.

ಬಂಧುತ್ವದ ಪಾಠವೊಂದಕ್ಕೇ ಕಟ್ಟಿದ ಶುಲ್ಕ ಸಾರ್ಥಕವಾಯಿತು. ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ಜೋಡಿಗೆರೆ, ತೀರಿಕೊಂಡವರ ಮೇಲೆ ಓರೆಗೆರೆ. ನಿಮ್ಮ ನಿಮ್ಮ ಮನೆಯ ವಂಶಾವಳಿ ಬರೆದು ತನ್ನಿ ಎಂದರು. ತೀರ್ಥಹಳ್ಳಿಯ ಮನೆಯ ಜಗುಲಿಯಲ್ಲಿ ಅಜ್ಜಿಯ ಪಕ್ಕ ಕುಳಿತು ಬರೆದೆ. ಅವರಿಗೆ ನಾಲ್ವರು ಮಕ್ಕಳೆಂದೇ ನಾನು ತಿಳಿದಿದ್ದೆ. ಅಜ್ಜಿ ಇನ್ನೊಂದು ವೃತ್ತ ಬರೆಸಿದರು, ಒಳಗೆ ಹೆಸರೂ ಬರೆಸಿದರು. ಹನ್ನೊಂದು ತಿಂಗಳಿಗೇ ಹೋದ ಮಗು. ಓರೆಗೆರೆ ಎಳೆಯಹೊರಟ ನನ್ನ ಕೈ ಹಿಡಿದು, "ತೆಳ್ಳಗೆ ಎಳೆ ಕೂಸೇ, ಹೆಸರು ಕಾಣಲಿ" ಎಂದರು. ಆ ಹೆಸರನ್ನು ಅಮ್ಮನೂ ಅಂದೇ ಮೊದಲು ಕೇಳಿದ್ದು.

ದೊಡ್ಡಪ್ಪ, ಚಿಕ್ಕಪ್ಪ ಎನ್ನುವಾಗ ಅದರೊಳಗೆ 'ಅಪ್ಪ' ಇರುವುದನ್ನು, ಅವರ ಮಕ್ಕಳು ನಮಗೆ ಅಣ್ಣತಮ್ಮಂದಿರೇ ಆಗುವುದನ್ನು, ಸೋದರಮಾವನ, ಸೋದರತ್ತೆಯ ಮಕ್ಕಳು ಮಾತ್ರ ಬೇರೆಯಾಗುವುದನ್ನು ನಾನು ಎಂದೂ ಯೋಚಿಸಿರಲಿಲ್ಲ. ಅಮೆರಿಕದ ಮೂಲನಿವಾಸಿ ಸೆನೆಕಾ ಜನರಲ್ಲೂ ದಕ್ಷಿಣ ಭಾರತದ ತಮಿಳರಲ್ಲೂ ಇಂಥದೇ ಕ್ರಮವಿರುವುದನ್ನು ಮಾನವಶಾಸ್ತ್ರಜ್ಞ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲೇ ಬರೆದಿದ್ದ. ನಮ್ಮ ಅಡುಗೆಮನೆಯ ಮಾತು ಒಂದು ಶಾಸ್ತ್ರದ ಬುಡದಲ್ಲಿದೆ ಎಂದು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಇದು ಬರೀ ಕಲಾ ವಿಷಯವಲ್ಲ. ತಲೆಬುರುಡೆ, ಮೂಳೆಗಳ ಪಾಠವೂ ಇದೆ. ಅಳತೆ ಹಿಡಿಯುವುದನ್ನು ಕಲಿಸಿದ ಮೇಡಂ, ಬ್ರಿಟಿಷ್ ಅಧಿಕಾರಿ ರಿಸ್ಲೆ ಮೂಗಿನ ಅಳತೆಯಿಂದ ಜಾತಿಗಳಿಗೆ ಮೇಲುಕೀಳು ಕಟ್ಟಲು ಹೊರಟಿದ್ದನ್ನೂ ಅದೇ ತರಗತಿಯಲ್ಲಿ ಹೇಳಿದರು. ಅಂಥ ಪಾಠಕ್ಕೆ ನಾನು ಋಣಿ.

ನನಗೆ ನೋವಿರುವುದು ಕ್ಷೇತ್ರಕಾರ್ಯದ, ಅಂದರೆ ಜನರ ನಡುವೆಯೇ ಇದ್ದು ಮಾಡುವ ಅಧ್ಯಯನದ ಬಗ್ಗೆ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ತಾವು ರಾಮಪುರವೆಂದು ಕರೆದ ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದರು. ನಮ್ಮನ್ನು ಬಸ್ಸಿನಲ್ಲಿ ಕರೆದೊಯ್ದು ಆರೇ ದಿನಕ್ಕೆ ವಾಪಸ್ ತಂದರು. ಜನ ನಮ್ಮನ್ನು ಹೆಸರು ಹಿಡಿದು ಕರೆಯತೊಡಗಿದ್ದೇ ಐದನೆಯ ದಿನ. ಮೊದಲ ನಾಲ್ಕು ದಿನ ನಾವು ತುಂಬಿಸಿದ ಪ್ರಶ್ನಾವಳಿಗಳಲ್ಲಿ ಇದ್ದದ್ದು ನೆಂಟರೆದುರು ಆಡುವಂಥ ಮಾತು.

ಕೆಲಸದ ಚಿಂತೆ ಎಲ್ಲ ಮನೆಗಳಲ್ಲೂ ಇರುತ್ತದೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಗೆ ಇದನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು. ನಾನು ಈಗ ತಾಯಿ-ಮಕ್ಕಳ ಆರೋಗ್ಯದ ಸಮೀಕ್ಷೆಗಳಿಗೆ ಹೋಗುತ್ತೇನೆ. ಎಷ್ಟು ಮಕ್ಕಳು ಎಂದು ಕೇಳಿದ ಮೇಲೆ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ.

ಖಂಡಿತ ಸೇರಿ. ಆದರೆ ಪ್ರವೇಶದ ದಿನವೇ ಕ್ಷೇತ್ರಕಾರ್ಯ ಎಷ್ಟು ದಿನ ಎಂದು ಕೇಳಿ. ಒಂದು ತಿಂಗಳಿಗಿಂತ ಕಡಿಮೆ ಎಂದರೆ ಬೇರೆ ಕಾಲೇಜು ನೋಡಿ.